ಪಂದ್ಯದ ಫೇವರಿಟ್ ಬೇರೆ, ಪಟ್ಟದ ಫೇವರಿಟ್ ಬೇರೆ: ಮೇ 31, 2015ರ ಲೆಕ್ಕ

ನಾಚಾರಂನಿಂದ ಮಾತಾಡ್ತಿದೀನಿ. ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಮೆಟ್ರೊದಲ್ಲಿ ನಿಂತುಕೊಂಡೇ ಓದ್ತೀವಿ ಅನ್ನೋರಿಗಾಗಿ ಎಂದಿನಂತೆ ಇದು ಅದರ ಬರಹ ರೂಪ. ಮಾತಿನಲ್ಲಿ ಹಾರಿಸಿಬಿಟ್ಟ ಒಂದೆರಡು ಲೆಕ್ಕಗಳನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ.

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಕೋಲ್ಕತ್ತಾದವರೊಬ್ಬರು ಇದ್ದಾರೆ. ನಾನು ದಾದಾ ಅಂತೀನಿ. ನನಗಿಂತ ಹತ್ತು ವರ್ಷ ದೊಡ್ಡವರು, ಡೇಟಾಬೇಸ್ ಕೆಲಸ, ಮೋಹನ್ ಬಗಾನ್ ಭಕ್ತರು. ಪ್ರತಿ ವರ್ಷ ಮೇ 31ರ ಬೆಳಿಗ್ಗೆ ನನ್ನ ಫೋನಿಗೆ ಅವರಿಂದ ಒಂದೇ ಒಂದು ಫೋಟೊ ಬರುತ್ತೆ. ಬೆಲ್ಲೊ ರಜಾಕ್ ತಲೆ ಕೊಟ್ಟ ಚೆಂಡು, ಬೆಂಗಳೂರಿನ ಗೋಲು. ಅಕ್ಷರ ಒಂದೂ ಇರಲ್ಲ. ನಾನೂ ಒಂದು ಥಂಬ್ಸ್ ಅಪ್ ಹಾಕಿ ಸುಮ್ಮನಾಗ್ತೀನಿ. ಈ ಸಲ ಫೋಟೊ ಜೊತೆ ಒಂದು ಪ್ರಶ್ನೆಯೂ ಬಂತು: "ನೀನು ಎಂಟೆಕ್ ಮಾಡಿದವನು, ಹೇಳು. ಆವತ್ತು ಪಂದ್ಯ ಶುರುವಾಗೋ ಮುಂಚೆ ನಿಮ್ಮ ಚಾನ್ಸ್ ಎಷ್ಟಿತ್ತು?"

ನಾನು ನೂರಕ್ಕೆ 46 ಅಂದೆ. ದಾದಾ ನಕ್ಕರು. ಹಿಂದಿನ ವರ್ಷದ ಚಾಂಪಿಯನ್, ಸ್ವಂತ ಮೈದಾನ, ಸ್ವಂತ ಜನ, ಆದರೂ ಐವತ್ತೂ ಇಲ್ಲವಾ ಅಂತ. ಆ 46 ಎಲ್ಲಿಂದ ಬಂತು, ಅದನ್ನ ಎಷ್ಟರ ಮಟ್ಟಿಗೆ ನಂಬಬೇಕು ಅನ್ನೋದೇ ಇವತ್ತಿನ ವಿಷಯ. ಫುಟ್‌ಬಾಲ್ ಅಷ್ಟಾಗಿ ಗೊತ್ತಿಲ್ಲದವರೂ ಓದಬಹುದು. ಕೂಡೋದು, ಗುಣಿಸೋದು ಗೊತ್ತಿದ್ದರೆ ಸಾಕು.

ಮೊದಲು ಆವತ್ತಿನ ಸ್ಥಿತಿ ನೋಡೋಣ. 2014-15ರ ಐ-ಲೀಗ್‌ನಲ್ಲಿ 11 ತಂಡಗಳಿದ್ದವು. ಪ್ರತಿ ತಂಡಕ್ಕೆ 20 ಪಂದ್ಯ. ಗೆದ್ದರೆ 3 ಪಾಯಿಂಟ್, ಡ್ರಾ ಆದರೆ 1, ಸೋತರೆ ಸೊನ್ನೆ. ಎಲ್ಲ ಮುಗಿದ ಮೇಲೆ ಯಾರಿಗೆ ಪಾಯಿಂಟ್ ಹೆಚ್ಚೋ ಅವರೇ ಚಾಂಪಿಯನ್. ಸೆಮಿಫೈನಲ್, ಫೈನಲ್ ಏನೂ ಇಲ್ಲ. 19 ಪಂದ್ಯ ಮುಗಿದಾಗ ಮೋಹನ್ ಬಗಾನ್ 38, ಬೆಂಗಳೂರು ಎಫ್‌ಸಿ 36. ಕೊನೆಯ ಪಂದ್ಯ ಇವೆರಡರ ನಡುವೆಯೇ, ಅದೂ ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ. ಇಂಥ ವೇಳಾಪಟ್ಟಿಯನ್ನ ಯಾರೂ ಬೇಕು ಅಂತ ಬರೆಯೋಕಾಗಲ್ಲ, ಅದು ತಾನಾಗಿಯೇ ಹಾಗೆ ಕೂಡಿಬರಬೇಕು.

ಬೆಂಗಳೂರು ಗೆದ್ದರೆ 39-38, ಕಪ್ ನಮ್ಮದು. ಡ್ರಾ ಆದರೆ 37-39, ಕಪ್ ಅವರದು. ಸೋತರಂತೂ ಮಾತೇ ಇಲ್ಲ. ಅಂದ್ರೆ ಮೂರು ಫಲಿತಾಂಶಗಳಲ್ಲಿ ಎರಡು ಅವರ ಬುಟ್ಟಿಯಲ್ಲಿ, ಒಂದು ನಮ್ಮ ಬುಟ್ಟಿಯಲ್ಲಿ.

ಇಲ್ಲೇ ಬಹಳಷ್ಟು ಜನ ಎಡವೋದು. "ಮನೆ ಮೈದಾನ, ನಾವು ಸ್ವಲ್ಪ ಮೇಲು, ಆದ್ದರಿಂದ ಕಪ್ ನಮಗೇ ಹತ್ತಿರ" ಅಂತ ಅಂದುಕೊಳ್ತೀವಿ. ಪಂದ್ಯದಲ್ಲಿ ಫೇವರಿಟ್ ಆಗಿರೋದು ಬೇರೆ, ಪಟ್ಟಕ್ಕೆ ಫೇವರಿಟ್ ಆಗಿರೋದು ಬೇರೆ. ಒಂದೇ ತಂಡ ಒಂದೇ ಸಂಜೆ ಮೊದಲನೆಯದು ಆಗಿದ್ದು ಎರಡನೆಯದು ಆಗದೇ ಇರಬಹುದು.

ಲೆಕ್ಕ ಹೀಗೆ. ಫುಟ್‌ಬಾಲ್‌ನಲ್ಲಿ ಗೋಲು ಅಪರೂಪದ ಘಟನೆ. ತೊಂಬತ್ತು ನಿಮಿಷದಲ್ಲಿ ಒಂದೋ ಎರಡೋ. ಯಾವಾಗ ಬರುತ್ತೆ ಹೇಳೋಕಾಗಲ್ಲ, ಆದರೆ ಸರಾಸರಿ ಎಷ್ಟು ಅಂತ ಅಂದಾಜು ಹಾಕಬಹುದು. ಇಂಥ ಅಪರೂಪದ, ಬಿಡಿಬಿಡಿ ಘಟನೆಗಳಿಗೆ ಹೇಳಿ ಮಾಡಿಸಿದ ಸೂತ್ರ ಪಾಯ್ಸನ್ ಹಂಚಿಕೆ. ನೀವು ಸರ್ವರ್‌ಗೆ ನಿಮಿಷಕ್ಕೆ ಎಷ್ಟು ರಿಕ್ವೆಸ್ಟ್ ಬರುತ್ತೆ ಅಂತ ಅಂದಾಜು ಮಾಡಿದ್ದರೆ ಅದೇ ಸೂತ್ರ ಬಳಸಿರ್ತೀರಿ. ಹೆಸರು ಮರೆತಿರಬಹುದು ಅಷ್ಟೇ. ಸರಾಸರಿ ಒಂದನ್ನು ಕೊಟ್ಟರೆ ಸೊನ್ನೆ ಗೋಲಿಗೆ ಎಷ್ಟು ಸಾಧ್ಯತೆ, ಒಂದಕ್ಕೆ ಎಷ್ಟು, ಎರಡಕ್ಕೆ ಎಷ್ಟು ಅಂತ ಅದು ಹೇಳುತ್ತೆ.

ಬೆಂಗಳೂರಿಗೆ ಸರಾಸರಿ 1.4 ಗೋಲು, ಬಗಾನ್‌ಗೆ 1.0 ಅಂತ ಇಟ್ಟುಕೊಂಡೆ. ಇದು ನನ್ನ ಊಹೆ, ಎಲ್ಲಿಂದಲೋ ತಂದ ಅಂಕಿಅಂಶ ಅಲ್ಲ. ಮನೆ ಮೈದಾನದ ಅನುಕೂಲಕ್ಕೆ ಒಂದಿಷ್ಟು ಹೆಚ್ಚು ಕೊಟ್ಟಿದ್ದೀನಿ. ಈ 1.4ರ ಪ್ರಕಾರ ಬೆಂಗಳೂರು ಒಂದೂ ಗೋಲು ಹೊಡೆಯದಿರೋ ಸಾಧ್ಯತೆಯೇ ನೂರಕ್ಕೆ 25ರ ಹತ್ತಿರ. ಬಗಾನ್ ಒಂದೂ ಹೊಡೆಯದಿರೋದು ಸುಮಾರು 37. ಎರಡನ್ನೂ ಗುಣಿಸಿದರೆ 0-0 ಆಗೋ ಸಾಧ್ಯತೆ ಬರುತ್ತೆ, ಸುಮಾರು 9. ಇದೇ ರೀತಿ 1-1ಕ್ಕೆ ಸುಮಾರು 13, 2-2ಕ್ಕೆ 4 ಚಿಲ್ಲರೆ, 3-3 ಮತ್ತು ಅದಕ್ಕೂ ಮೇಲಿನವಕ್ಕೆ ಒಟ್ಟು ಒಂದಕ್ಕೂ ಕಡಿಮೆ. ಎಲ್ಲ ಡ್ರಾಗಳನ್ನೂ ಕೂಡಿದರೆ 27. ಬೆಂಗಳೂರು ಗೆಲ್ಲೋ ಸ್ಕೋರುಗಳನ್ನೆಲ್ಲ ಕೂಡಿದರೆ 46. ಬಗಾನ್ ಗೆಲ್ಲೋದು 27.

ಈಗ ನೋಡಿ. ಪಂದ್ಯ ಗೆಲ್ಲೋದರಲ್ಲಿ ನಾವು 46, ಅವರು 27. ಕಣ್ಣು ಮುಚ್ಚಿಕೊಂಡು ನಾವೇ ಫೇವರಿಟ್. ಆದರೆ ಆ ಡ್ರಾದ 27 ಪೂರ್ತಿ ಅವರ ಖಾತೆಗೆ ಹೋಗುತ್ತೆ. ಹಾಗಾಗಿ ಪಟ್ಟದ ಲೆಕ್ಕದಲ್ಲಿ ನಾವು 46, ಅವರು 54. ಮನೆಯಂಗಳದಲ್ಲಿ, ಎದುರಾಳಿಗಿಂತ ಚೆನ್ನಾಗಿ ಆಡೋ ತಂಡ ಅಂತ ಒಪ್ಪಿಕೊಂಡ ಮೇಲೂ ನಾವು ಹಿಂದೆ. ನನ್ನ ಊಹೆಯನ್ನ ಇನ್ನೂ ಉದಾರ ಮಾಡಿ 1.4ರ ಜಾಗದಲ್ಲಿ 1.6 ಹಾಕಿದರೆ ಆಗ 51 ಬರುತ್ತೆ. ಅಂದ್ರೆ ಬರೀ ಸಮ ಮಾಡಿಕೊಳ್ಳೋಕೇ ಎದುರಾಳಿಗಿಂತ ಸಾಕಷ್ಟು ಬಲಶಾಲಿ ಆಗಿರಬೇಕಿತ್ತು. ಆ ಎರಡು ಪಾಯಿಂಟ್ ಅಂತರದ ಬೆಲೆ ಅಷ್ಟು.

ಇದನ್ನ ಇನ್ನೊಂದು ಕಡೆಯಿಂದಲೂ ನೋಡಬೇಕು. ಹಿಂದೆ ಇರೋ ತಂಡಕ್ಕೆ ಕೊನೆಯ ಪಂದ್ಯ ಮುಂದಿನ ತಂಡದ ಜೊತೆಗೇ ಬಂದರೆ ಅದು ಅದೃಷ್ಟ. ಬೆಂಗಳೂರು ಮತ್ತು ಬಗಾನ್ ಕೊನೆಯ ದಿನ ಬೇರೆ ಬೇರೆ ಊರಲ್ಲಿ ಬೇರೆ ಬೇರೆ ತಂಡಗಳ ಮೇಲೆ ಆಡಿದ್ದರೆ ಏನಾಗ್ತಿತ್ತು? ಇಬ್ಬರೂ ತಮ್ಮ ಪಂದ್ಯ ಗೆಲ್ಲೋ ಸಾಧ್ಯತೆ 55, ಡ್ರಾ 25, ಸೋಲು 20 ಅಂತ ಇಟ್ಟುಕೊಳ್ಳಿ. ಬೆಂಗಳೂರು ಗೆಲ್ಲಬೇಕು, ಅದೇ ಹೊತ್ತಿಗೆ ಬಗಾನ್ ಸೋಲಬೇಕು. 55ನ್ನ 20ರ ಜೊತೆ ಗುಣಿಸಿದರೆ ನೂರಕ್ಕೆ 11. ಬಗಾನ್ ಡ್ರಾ ಮಾಡಿಕೊಂಡು ಪಾಯಿಂಟ್ ಸಮ ಆಗೋ ಸಾಧ್ಯತೆ ಇನ್ನೊಂದು 14ರಷ್ಟು, ಅದರಲ್ಲಿ ಕಪ್ ಯಾರಿಗೆ ಅನ್ನೋದು ಟೈ ಬಿಡಿಸೋ ನಿಯಮದ ಕೈಯಲ್ಲಿ. ಎಲ್ಲ ನಮ್ಮ ಕಡೆಗೇ ಬಂದರೂ 25 ದಾಟಲ್ಲ. ಮುಖಾಮುಖಿ ಆದ್ದರಿಂದ 46 ಆಯ್ತು. ಇನ್ನೊಬ್ಬರ ಫಲಿತಾಂಶಕ್ಕೆ ಕಾಯಬೇಕಾಗಿಲ್ಲ, ನಮ್ಮ ಗೆಲುವೇ ಅವರ ಸೋಲು. ಟಿವಿಯಲ್ಲಿ "ಆರು ಪಾಯಿಂಟಿನ ಪಂದ್ಯ" ಅಂತಾರಲ್ಲ, ಅದು ಇದೇ.

ಲೆಕ್ಕ ಸಾಕು, ಪಂದ್ಯಕ್ಕೆ ಬರೋಣ. ನಾನು ಆವತ್ತು ಕಂಠೀರವದಲ್ಲಿದ್ದೆ. ಅಲ್ಲಿ ಕೂತು ನೋಡಿದವರಿಗೆ ಗೊತ್ತು, ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಇರೋದರಿಂದ ಮೈದಾನ ದೂರ. ಆಚೆ ತುದಿಯ ಗೋಲ್ ಹತ್ತಿರ ಏನಾದರೂ ಆದರೆ ಜನ ಕೂಗಿದ ಮೇಲೇ ಗೊತ್ತಾಗೋದು. 41ನೇ ನಿಮಿಷಕ್ಕೆ ಜಾನ್ ಜಾನ್ಸನ್ ಗೋಲು ಹೊಡೆದರು. ಇಂಗ್ಲೆಂಡಿನ ಡಿಫೆಂಡರ್. 1-0. ವಿರಾಮದ ಹೊತ್ತಿಗೆ ಕಪ್ ನಮ್ಮ ಕೈಯಲ್ಲಿತ್ತು. ಅದೇ ಮಾದರಿಯಲ್ಲಿ ಉಳಿದ 45 ನಿಮಿಷಕ್ಕೆ ಬೆಂಗಳೂರಿಗೆ 0.7, ಬಗಾನ್‌ಗೆ 0.5 ಗೋಲು ಅಂತ ಹಾಕಿ ಲೆಕ್ಕ ಮಾಡಿದರೆ ಆಗ ನಮ್ಮ ಚಾನ್ಸ್ 77. ಒಂದೇ ಗೋಲು 46ರಿಂದ 77ಕ್ಕೆ ಎತ್ತಿಬಿಡುತ್ತೆ. ಗೋಲು ಅಪರೂಪ ಆದ್ದರಿಂದಲೇ ಅದಕ್ಕೆ ಇಷ್ಟು ತೂಕ.

ಎರಡನೇ ಅವಧಿಯಲ್ಲಿ ಗಡಿಯಾರವೇ ನಮ್ಮ ಪರ ಆಡ್ತಿತ್ತು. ಏನೂ ಆಗದ ಪ್ರತಿ ನಿಮಿಷಕ್ಕೂ ಗ್ರಾಫ್ ಒಂದಿಷ್ಟು ಮೇಲೆ. 86ನೇ ನಿಮಿಷದಲ್ಲಿ, ಸೇರಿಸೋ ಸಮಯವನ್ನೂ ಹಿಡಿದು ಇನ್ನೊಂದು ಎಂಟು ನಿಮಿಷ ಆಟ ಉಳಿದಿದೆ ಅಂದುಕೊಂಡರೆ, ಮಾದರಿ ಕೊಡೋ ಉತ್ತರ 92.

ಆಗ ನನ್ನ ಹತ್ತಿರ ಲ್ಯಾಪ್‌ಟಾಪ್ ಇರಲಿಲ್ಲ, ಆದರೆ ಹೊಟ್ಟೆಯೊಳಗಿನ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ ಹೇಳ್ತಿತ್ತು. ಫೋನ್ ತೆಗೆದು ದಾವಣಗೆರೆಗೆ ಮಾಡಿದೆ. "ಅಪ್ಪಾ, ಮುಗೀತು. ಕಪ್ ನಮ್ದೇ." ಅಪ್ಪ ಹಳೇ ರೇಡಿಯೊ ಕಾಮೆಂಟರಿ ಕಾಲದವರು. "ಸೀಟಿ ಊದಿದ್ನೇನೋ?" ಅಂದ್ರು. ಇಲ್ಲ, ಇನ್ನು ಮೂರ್ನಾಲ್ಕು ನಿಮಿಷ ಅಂದೆ. "ಊದಿದ ಮೇಲೆ ಮಾಡು" ಅಂತ ಇಟ್ಟೇಬಿಟ್ರು.

87ನೇ ನಿಮಿಷ. ಬಗಾನ್‌ಗೆ ಕಾರ್ನರ್. ಹೈಟಿ ದೇಶದ ಸೋನಿ ನೋರ್ಡೆ ಚೆಂಡು ತೂರಿದರು, ನೈಜೀರಿಯಾದ ಬೆಲ್ಲೊ ರಜಾಕ್ ತಲೆ ಕೊಟ್ಟರು. ಅವರೂ ಡಿಫೆಂಡರೇ. 1-1. ಒಂದು ಕ್ಷಣದಲ್ಲಿ 92 ಇದ್ದದ್ದು 10ಕ್ಕೆ ಬಂತು. ಉಳಿದ ಏಳೆಂಟು ನಿಮಿಷದಲ್ಲಿ ಇನ್ನೊಂದು ಗೋಲು ಹೊಡೆಯೋಕೆ ಇದ್ದ ಸಾಧ್ಯತೆ ಅಷ್ಟೇ. ಹೊಡೆಯಲಿಲ್ಲ. ಬಗಾನ್ 39, ಬೆಂಗಳೂರು 37. 2001-02ರ ನಂತರ ಹದಿಮೂರು ವರ್ಷಕ್ಕೆ ಬಗಾನ್ ಮತ್ತೆ ರಾಷ್ಟ್ರೀಯ ಚಾಂಪಿಯನ್. ದಾದಾ ಆವತ್ತು ಕೋಲ್ಕತ್ತಾದಲ್ಲಿ ಟಿವಿ ಮುಂದೆ ಅತ್ತಿದ್ದರಂತೆ. ಅದನ್ನ ಹೇಳುವಾಗ ಅವರು ನಗಲ್ಲ, ನಾನೂ ನಗಲ್ಲ.

ಈಗ ಮುಖ್ಯ ಪ್ರಶ್ನೆ. 92 ಅಂದಿದ್ದ ಲೆಕ್ಕ ತಪ್ಪಾ?

ಒಂದು ಉತ್ತರ: ಇಲ್ಲ. 92 ಅಂದ್ರೆ ಇಂಥ ಸ್ಥಿತಿ ಹನ್ನೆರಡು ಸಲ ಬಂದರೆ ಒಂದು ಸಲ ಕೈತಪ್ಪುತ್ತೆ ಅಂತ ಅರ್ಥ. ನಮ್ಮ ಕೆಲಸದಲ್ಲಿ ಯಾರಾದರೂ ಬಂದು "ನಮ್ಮ ಸಿಸ್ಟಮ್ ನೂರಕ್ಕೆ 92ರಷ್ಟು ಸಮಯ ನಡೆಯುತ್ತೆ" ಅಂದರೆ ಅವರನ್ನ ಮೀಟಿಂಗಿನಿಂದ ಎಬ್ಬಿಸಿ ಕಳಿಸ್ತೀವಿ. ತಿಂಗಳಿಗೆ ಎರಡು ದಿನಕ್ಕಿಂತ ಹೆಚ್ಚು ಮಲಗಿರೋ ಸಿಸ್ಟಮ್ ಅದು. ಅದೇ 92ನ್ನ ಫುಟ್‌ಬಾಲ್‌ನಲ್ಲಿ ನೋಡಿದರೆ "ಮುಗೀತು" ಅಂತ ಮನೆಗೆ ಫೋನ್ ಮಾಡ್ತೀವಿ. ಸಂಖ್ಯೆ ಒಂದೇ, ಓದೋ ರೀತಿ ಬೇರೆ. ತಪ್ಪು ಓದಿದವನದು.

ಇನ್ನೊಂದು ಉತ್ತರ: ಹೌದು, ಸ್ವಲ್ಪ ತಪ್ಪು. ಈ ಎರಡನೆಯದು ನನಗೆ ಹೆಚ್ಚು ಇಷ್ಟ. ಪಾಯ್ಸನ್ ಮಾದರಿಯ ಮೂಲ ಊಹೆ ಏನು? ಗೋಲಿನ ವೇಗ ಪಂದ್ಯದುದ್ದಕ್ಕೂ ಒಂದೇ, ಒಂದು ತಂಡದ ಗೋಲಿಗೂ ಇನ್ನೊಂದರದ್ದಕ್ಕೂ ಸಂಬಂಧ ಇಲ್ಲ ಅಂತ. ಸರ್ವರ್‌ಗೆ ಬರೋ ರಿಕ್ವೆಸ್ಟ್‌ಗಳಿಗೆ ಸ್ಕೋರ್ ಗೊತ್ತಿರಲ್ಲ. ಆಟಗಾರರಿಗೆ ಗೊತ್ತಿರುತ್ತೆ. ಹತ್ತು ನಿಮಿಷ ಉಳಿದಿದೆ, ಒಂದು ಗೋಲು ಬೇಕು, ಬರದಿದ್ದರೆ ಇಡೀ ವರ್ಷ ಹೋಯ್ತು ಅಂತ ಗೊತ್ತಿರೋ ತಂಡ ಡಿಫೆಂಡರುಗಳನ್ನೂ ಮುಂದಕ್ಕೆ ಕಳಿಸುತ್ತೆ. ಕಾರ್ನರ್ ಸಿಕ್ಕರೆ ಎತ್ತರದವರೆಲ್ಲ ಎದುರಾಳಿಯ ಪೆಟ್ಟಿಗೆಯಲ್ಲಿ. ಬೆಲ್ಲೊ ರಜಾಕ್ ಅಲ್ಲಿ ಇದ್ದದ್ದೂ ಹಾಗೇ. ಇತ್ತ ಮುನ್ನಡೆ ಇರೋ ತಂಡ ಹಿಂದಕ್ಕೆ ಸರಿಯುತ್ತೆ, ಚೆಂಡನ್ನ ದೂರ ಒದೆಯುತ್ತೆ, ಒದ್ದ ಚೆಂಡು ಮತ್ತೆ ಎದುರಾಳಿಗೇ ಸಿಗುತ್ತೆ, ಅದೇ ಒತ್ತಡ ಮತ್ತೆ. ಬಗಾನ್‌ನ ಗೋಲಿನ ವೇಗ ಆ ಹೊತ್ತಿಗೆ ಎರಡರಷ್ಟು ಆಗಿತ್ತು ಅಂತ ಹಾಕಿ ನೋಡಿದೆ. 92ರ ಜಾಗದಲ್ಲಿ 85 ಬಂತು. ಹನ್ನೆರಡರಲ್ಲಿ ಒಂದು ಅಂದಿದ್ದು ಏಳರಲ್ಲಿ ಒಂದಾಯ್ತು. ದಾಳದಲ್ಲಿ ಆರು ಬೀಳೋದಕ್ಕಿಂತ ಸ್ವಲ್ಪ ಕಡಿಮೆ. ಆರು ಬೀಳೋದನ್ನ ಯಾರೂ ಪವಾಡ ಅನ್ನಲ್ಲ.

ಹಾಗಾದರೆ ಹಿಂದಕ್ಕೆ ಸರಿದಿದ್ದೇ ತಪ್ಪು, ಎರಡನೇ ಗೋಲಿಗೆ ಹೋಗಬೇಕಿತ್ತು ಅಂತೀರಾ? ಹತ್ತು ವರ್ಷದಿಂದ ನಾನೂ ಇದನ್ನ ಎಷ್ಟೋ ರಾತ್ರಿ ವಾದಿಸಿದೀನಿ, ಹೆಚ್ಚಾಗಿ ನನ್ನ ಜೊತೆಗೇ. ಮುಂದಕ್ಕೆ ಹೋದರೆ ಎರಡನೇ ಗೋಲು ಸಿಗಬಹುದು, ಬೆನ್ನ ಹಿಂದೆ ಜಾಗವೂ ಬಿಟ್ಟುಹೋಗುತ್ತೆ. ಸಾಮಾನ್ಯ ಪಂದ್ಯದಲ್ಲಿ 1-0 ಮುನ್ನಡೆ ಇದ್ದವರು ಒಂದು ಗೋಲು ತಿಂದರೂ ಒಂದು ಪಾಯಿಂಟ್ ಉಳಿಯುತ್ತೆ. ಇಲ್ಲಿ ಆ ಒಂದು ಪಾಯಿಂಟಿಗೆ ಬೆಲೆ ಇಲ್ಲ. ಡ್ರಾ ಅಂದರೂ ಸೋಲೇ. ಇಂಥ ಪಂದ್ಯದಲ್ಲಿ ಒಂದೇ ಗೋಲಿನ ಮುನ್ನಡೆ ಕಾಣೋದಕ್ಕಿಂತ ತೆಳು. ನನ್ನ ಅಭಿಪ್ರಾಯ ಕೇಳಿದರೆ ಎಪ್ಪತ್ತನೇ ನಿಮಿಷದವರೆಗಾದರೂ ಎರಡನೆಯದಕ್ಕೆ ಹೋಗಬೇಕಿತ್ತು. ಆದರೆ ಇದು ಗ್ಯಾಲರಿಯಲ್ಲಿ ಕೂತವನ ಮಾತು, ಗೋಲು ತಿಂದ ಮೇಲೆ ಹೊಳೆದದ್ದು.

ಸರಿ, "ಡ್ರಾ ಸಾಕು" ಅನ್ನೋ ತಂಡಕ್ಕೆ ಯಾವಾಗಲೂ ಹೀಗೇ ಆಗುತ್ತಾ? ನಮ್ಮ ಐಎಸ್‌ಎಲ್‌ನಲ್ಲೇ ಆಮೇಲೆ ಮೂರು ಸಲ ಮೊದಲ ಸ್ಥಾನದ ಪೈಪೋಟಿ ಲೀಗ್ ಹಂತದ ಕೊನೆಯ ಪಂದ್ಯದಲ್ಲೇ ತೀರ್ಮಾನ ಆಗಿದೆ. ಮೂರರಲ್ಲೂ ಬಗಾನ್ ಇತ್ತು ಅನ್ನೋದು ದಾದಾ ಅವರ ಬಿಪಿಗೆ ಕಾರಣ.

2021ರ ಫೆಬ್ರವರಿ 28. ಆಗ ತಂಡದ ಹೆಸರು ಎಟಿಕೆ ಮೋಹನ್ ಬಗಾನ್. ಮುಂಬೈ ಸಿಟಿಗಿಂತ ಮೂರು ಪಾಯಿಂಟ್ ಮುಂದೆ, ಡ್ರಾ ಸಾಕಿತ್ತು. ಕೋವಿಡ್ ಕಾಲ, ಗೋವಾದಲ್ಲಿ ಖಾಲಿ ಮೈದಾನ. ಮುಂಬೈ 2-0 ಗೆದ್ದಿತು, ಅದೂ ಎರಡೂ ಗೋಲು ಮೊದಲರ್ಧದಲ್ಲೇ. ಪಾಯಿಂಟ್ 40-40 ಸಮ ಆಯ್ತು, ಪರಸ್ಪರ ಪಂದ್ಯಗಳಲ್ಲಿ ಮುಂಬೈ ಮೇಲಿದ್ದರಿಂದ ಶೀಲ್ಡ್ ಅವರಿಗೆ.

2022ರ ಮಾರ್ಚ್ 7. ಈ ಸಲ ಜಮ್‌ಶೆಡ್‌ಪುರ ಮೂರು ಪಾಯಿಂಟ್ ಮುಂದೆ. ಬಗಾನ್‌ಗೆ ಬರೀ ಗೆಲುವು ಸಾಲದು, ಎರಡು ಗೋಲಿನ ಅಂತರದಿಂದ ಗೆಲ್ಲಬೇಕಿತ್ತು. ಜಮ್‌ಶೆಡ್‌ಪುರವೇ ಋತ್ವಿಕ್ ದಾಸ್ ಗೋಲಿನಿಂದ 1-0 ಗೆದ್ದು 43 ಪಾಯಿಂಟಿಗೆ ಹೋಯ್ತು.

2024ರ ಏಪ್ರಿಲ್ 15. ಇದು ನಮ್ಮ 2015ರ ಕನ್ನಡಿ. ಕೋಲ್ಕತ್ತಾದ ಸಾಲ್ಟ್ ಲೇಕ್, ತುಂಬಿದ ಮೈದಾನ. ಮುಂಬೈ 47, ಬಗಾನ್ 45. ಎರಡೇ ಪಾಯಿಂಟ್ ಅಂತರ, ಮುಂಬೈಗೆ ಡ್ರಾ ಸಾಕು, ಮನೆಯ ತಂಡ ಗೆಲ್ಲಲೇಬೇಕು. ಕಂಠೀರವದ ಲೆಕ್ಕವೇ, ಬಗಾನ್ ಮಾತ್ರ ಈಗ ನಮ್ಮ ಜಾಗದಲ್ಲಿ. ಲಿಸ್ಟನ್ ಕೊಲಾಸೊ ಮೊದಲರ್ಧದಲ್ಲಿ ಒಂದು ಹೊಡೆದರು. 80ನೇ ನಿಮಿಷಕ್ಕೆ ಜೇಸನ್ ಕಮಿಂಗ್ಸ್ ಎರಡನೆಯದು. 89ಕ್ಕೆ ಛಾಂಗ್ಟೆ ಮುಂಬೈ ಪರ ಒಂದು. ಹೆಚ್ಚುಕಡಿಮೆ ಅದೇ ಹೊತ್ತು. ಆದರೆ ಆಗ ಸ್ಕೋರ್ 2-1. ಆ ಎರಡನೇ ಗೋಲು ಬಗಾನ್‌ಗೆ ಕೊಡೆಯಾಯ್ತು. 48-47, ಶೀಲ್ಡ್ ಬಗಾನ್‌ಗೆ. ಆವತ್ತು ಮೂರನೇ ಮಹಡಿಯಿಂದ ಬಂದ ಕೂಗು ನಮ್ಮ ಇಡೀ ಬೀದಿಗೆ ಕೇಳಿಸಿತು. ಉಪ್ಪಲ್‌ನಲ್ಲಿ ಐಪಿಎಲ್ ಇರಬೇಕು ಅಂತ ವಾಚ್‌ಮ್ಯಾನ್ ಅಂದುಕೊಂಡಿದ್ದನಂತೆ.

2015ನ್ನೂ ಸೇರಿಸಿದರೆ ನಾಲ್ಕು ಪಂದ್ಯ. ಮುಂದಿದ್ದ ತಂಡ ಎರಡರಲ್ಲಿ ಉಳಿಸಿಕೊಂಡಿತು, ಎರಡರಲ್ಲಿ ಕಳೆದುಕೊಂಡಿತು. ಇದರಿಂದ "ಡ್ರಾಗೆ ಆಡೋರು ಸೋಲ್ತಾರೆ" ಅಂತಾಗಲಿ, "ಗೆಲ್ತಾರೆ" ಅಂತಾಗಲಿ ತೀರ್ಮಾನ ಮಾಡೋಕೆ ಬರಲ್ಲ. ನಾಲ್ಕು ಸಲ ನಾಣ್ಯ ಚಿಮ್ಮಿ ಎರಡು ರಾಜ, ಎರಡು ರಾಣಿ ಬಿದ್ದಂಗೆ. 54-46ರಂಥ ಲೆಕ್ಕ ಸರಿಯೋ ತಪ್ಪೋ ಅಂತ ಪರೀಕ್ಷಿಸೋಕೆ ನೂರಾರು ಪಂದ್ಯ ಬೇಕು. ಟಿವಿಯ ಪಂಡಿತರು ಒಂದೇ ಪಂದ್ಯ ನೋಡಿ "ಮನೋಬಲ ಇರಲಿಲ್ಲ" ಅಂದಾಗ ನನಗೆ ಮೈ ಉರಿಯೋದು ಇದಕ್ಕೇ.

ಎರಡು ಗೋಲಿನ ಅಂತರ ಬೇಕಾದಾಗ ಲೆಕ್ಕ ಎಷ್ಟು ಕಠಿಣ ಆಗುತ್ತೆ ಅನ್ನೋದಕ್ಕೆ ಜಗತ್ತಿನ ಪ್ರಸಿದ್ಧ ಉದಾಹರಣೆ 1989ರ ಮೇ 26, ಲಿವರ್‌ಪೂಲ್‌ನ ಆನ್‌ಫೀಲ್ಡ್. ಆರ್ಸೆನಲ್ ಅಲ್ಲಿಗೆ ಹೋಗಿ ಎರಡು ಗೋಲಿನ ಅಂತರದಿಂದ ಗೆಲ್ಲಬೇಕಿತ್ತು. ಅದೇ 1.4 ಮತ್ತು 1.0 ಹಾಕಿ, ಹೊರಗಿನ ತಂಡ ಎರಡು ಅಥವಾ ಹೆಚ್ಚಿನ ಅಂತರದಿಂದ ಗೆಲ್ಲೋದನ್ನ ಕೂಡಿದರೆ ನೂರಕ್ಕೆ 10. ಸೇರಿಸಿದ ಸಮಯದಲ್ಲಿ ಮೈಕೆಲ್ ಥಾಮಸ್ ಎರಡನೇ ಗೋಲು ಹೊಡೆದರು, 2-0. ಎರಡೂ ತಂಡಕ್ಕೆ 76 ಪಾಯಿಂಟ್, ಗೋಲು ಅಂತರವೂ ಸಮ, ಒಟ್ಟು ಹೊಡೆದ ಗೋಲು ಆರ್ಸೆನಲ್ 73, ಲಿವರ್‌ಪೂಲ್ 65. ಕಪ್ ಲಂಡನ್‌ಗೆ. ಹತ್ತರಲ್ಲಿ ಒಂದು ಅನ್ನೋದೂ ಆಗುವಂಥದ್ದೇ.

ಹೈದರಾಬಾದಿನಲ್ಲಿ ಕೂತು ಇದನ್ನೆಲ್ಲ ಹೇಳುವಾಗ ಇಲ್ಲಿನ ತಂಡದ ಮಾತು ಬಿಡೋಕಾಗಲ್ಲ. ಆಗ ಐಎಸ್‌ಎಲ್‌ನಲ್ಲಿ ಪಟ್ಟ ಎರಡಿದ್ದವು. ಲೀಗ್ ಹಂತದಲ್ಲಿ ಹೆಚ್ಚು ಪಾಯಿಂಟ್ ಪಡೆದವರಿಗೆ ಶೀಲ್ಡ್, ಆಮೇಲೆ ನಾಕೌಟ್ ಆಡಿ ಗೆದ್ದವರಿಗೆ ಕಪ್. 2021-22ರಲ್ಲಿ ಹೈದರಾಬಾದ್ ಎಫ್‌ಸಿ 38 ಪಾಯಿಂಟ್ ಪಡೆದು ಎರಡನೇ ಸ್ಥಾನ, ಶೀಲ್ಡ್ ಸಿಗಲಿಲ್ಲ. ಆದರೆ ಮಾರ್ಚ್ 20ರ ಫೈನಲ್‌ನಲ್ಲಿ, ಗೋವಾದ ಫತೋರ್ಡಾದಲ್ಲಿ, ಕೇರಳ ಬ್ಲಾಸ್ಟರ್ಸ್ ಮೇಲೆ 68ನೇ ನಿಮಿಷಕ್ಕೆ ಗೋಲು ತಿಂದು 88ಕ್ಕೆ ಸಾಹಿಲ್ ತವೋರಾ ಸಮ ಮಾಡಿದರು. ನೋಡಿ, ಮತ್ತೆ ಅದೇ ಹೊತ್ತು. ಪೆನಾಲ್ಟಿಯಲ್ಲಿ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಮೂರು ತಡೆದರು, 3-1, ಕಪ್ ಹೈದರಾಬಾದಿಗೆ. ಕಟ್ಟಿಮನಿ ಗೋವಾದವರು, ಆದರೂ ಆ ಹೆಸರು ಕೇಳಿ ನಾನು ಇಡೀ ಆಫೀಸಿಗೆ "ನಮ್ಮವರು" ಅಂತ ಹೇಳಿಕೊಂಡು ತಿರುಗಿದ್ದೆ. ಮರುವರ್ಷ ಲೀಗ್‌ನಲ್ಲಿ ಮುಂಬೈ 46, ಹೈದರಾಬಾದ್ 42. ಮತ್ತೆ ಎರಡನೇ ಸ್ಥಾನ.

ಆ ವರ್ಷಗಳಲ್ಲಿ ಹಬ್ಸಿಗುಡದಲ್ಲಿ ಮೆಟ್ರೊ ಹತ್ತಿ ರಾಯದುರ್ಗದಲ್ಲಿ ಇಳಿದು, ಆಟೊದವನ ಜೊತೆ ಜಗಳಾಡಿ ಗಚ್ಚಿಬೌಲಿ ಮೈದಾನಕ್ಕೆ ಹೋಗ್ತಿದ್ದೆ, ಊರಿನ ಈ ತುದಿಯಿಂದ ಆ ತುದಿಗೆ. ಬೆಂಗಳೂರು ಬಂದಾಗ ನೀಲಿ ಶರ್ಟ್, ಉಳಿದ ದಿನ ಹಳದಿ. ದಾದಾ ಇದಕ್ಕೆ ಪಕ್ಷಾಂತರ ಅಂತಾರೆ. ಆಮೇಲೆ ತಂಡಕ್ಕೆ ಹಣದ ತೊಂದರೆ ಬಂತು, 2025ರಲ್ಲಿ ಅದು ದೆಹಲಿಗೆ ಹೋಗಿ ಹೆಸರೂ ಬದಲಾಯ್ತು. ಸೈಯದ್ ಅಬ್ದುಲ್ ರಹೀಮ್ ಇದ್ದ ಊರು ಇದು. ಭಾರತಕ್ಕೆ 1962ರ ಏಷ್ಯನ್ ಗೇಮ್ಸ್ ಚಿನ್ನ ತಂದುಕೊಟ್ಟ ಕೋಚ್. 1950ರಿಂದ ಐದು ವರ್ಷ ಸತತವಾಗಿ ರೋವರ್ಸ್ ಕಪ್ ಗೆದ್ದ ಹೈದರಾಬಾದ್ ಪೊಲೀಸ್ ತಂಡದ ಊರು. ಇಲ್ಲಿ ಈಗ ಗೆಲ್ಲೋ ಚಾನ್ಸ್ ಎಷ್ಟು ಅಂತ ಲೆಕ್ಕ ಹಾಕೋಕೆ ಒಂದು ಐಎಸ್‌ಎಲ್ ತಂಡವೇ ಇಲ್ಲ.

ಮತ್ತೆ 2015ಕ್ಕೆ. ದಾದಾಗೆ ಇದನ್ನೆಲ್ಲ ಹೇಳಿ ಮುಗಿಸಿದಾಗ ಅವರು ಕೇಳಿದ್ದು: "ಹಾಗಾದರೆ ನೀವು ಕಪ್ ಕಳೆದುಕೊಂಡಿದ್ದು ಎಲ್ಲಿ, ಆ ಕಾರ್ನರ್‌ನಲ್ಲಾ?" ನಾನು ಪಾಯಿಂಟ್ ಪಟ್ಟಿ ತೆಗೆದು ತೋರಿಸಿದೆ. ಇಪ್ಪತ್ತು ಪಂದ್ಯದಲ್ಲಿ ಬಗಾನ್ 11 ಗೆಲುವು, 6 ಡ್ರಾ, 3 ಸೋಲು. ಬೆಂಗಳೂರು 10 ಗೆಲುವು, 7 ಡ್ರಾ, 3 ಸೋಲು. ಸೋಲು ಇಬ್ಬರಿಗೂ ಸಮ. ವ್ಯತ್ಯಾಸ ಒಂದೇ ಒಂದು, ಅವರ ಒಂದು ಗೆಲುವು ನಮ್ಮಲ್ಲಿ ಡ್ರಾ ಆಗಿತ್ತು. ಕಂಠೀರವದ ಆ ಸಂಜೆಗೆ ಮುಂಚೆಯೇ ನಮ್ಮ ಖಾತೆಯಲ್ಲಿ ಆರು ಡ್ರಾ ಇದ್ದವು. ಪ್ರತಿ ಡ್ರಾ ಎರಡೆರಡು ಪಾಯಿಂಟ್ ಬಿಟ್ಟುಕೊಟ್ಟಂತೆ, ಒಟ್ಟು ಹನ್ನೆರಡು. ಆ ಆರರಲ್ಲಿ ಎರಡನ್ನ ಗೆಲುವಾಗಿಸಿಕೊಂಡಿದ್ದರೂ ಕೊನೆಯ ದಿನ ನಾವು 40, ಅವರು 38. ಆಗ "ಡ್ರಾ ಸಾಕು" ಅನ್ನೋ ತಂಡ ನಾವಾಗ್ತಿದ್ದೆವು. 87ನೇ ನಿಮಿಷದ ಅದೇ ಹೆಡರ್ ಬಿದ್ದಿದ್ದರೂ ಸ್ಕೋರ್ 1-1, ಕಪ್ ಬೆಂಗಳೂರಿನಲ್ಲೇ. ಆ ಡ್ರಾ ಪಂದ್ಯಗಳಲ್ಲಿ ಒಂದರ ಫೋಟೊವನ್ನೂ ಯಾರೂ ಯಾರಿಗೂ ಕಳಿಸಲ್ಲ. ನನಗೂ ಅವು ನೆನಪಿಲ್ಲ.

ದಾದಾ ಪಟ್ಟಿಯನ್ನ ಒಂದು ನಿಮಿಷ ನೋಡಿದರು. "ಆದರೂ ಫೋಟೊ ಕಳಿಸ್ತೀನಿ" ಅಂದರು.

ಆವತ್ತು ರಾತ್ರಿ ಕಂಠೀರವದಿಂದ ಕಾರ್ಪೊರೇಷನ್ ಕಡೆಗೆ ನಡೆದುಕೊಂಡು ಬರುವಾಗ ಅಪ್ಪನೇ ಫೋನ್ ಮಾಡಿದರು. "ಏನಾಯ್ತೋ?"

"ಒಂದೊಂದು ಗೋಲು, ಡ್ರಾ ಆಯ್ತಪ್ಪ."

"ಡ್ರಾ ಆದ್ರೆ ಯಾರಿಗೆ?"

ವಿವರಿಸಿ ಹೇಳೋಕೆ ಶುರುಮಾಡಿದೆ, ಮೂರು ಫಲಿತಾಂಶದಲ್ಲಿ ಎರಡು ಅವರ ಬುಟ್ಟಿಯಲ್ಲಿತ್ತು ಅಂತ. ಅಪ್ಪ ಪೂರ್ತಿ ಕೇಳಿಸಿಕೊಂಡರು. "ಊಟ ಮಾಡ್ದೆ ಮಲಗಬೇಡ" ಅಂದರು.